ತೆರೆಯ ಮೇಲಿಲ್ಲದ ದನಿ

ಸಿನಿಮಾವನ್ನು ಗಂಭೀರವಾಗಿ ನೋಡುವವರ ನಡುವೆ ವಾಯ್ಸ್ ಓವರ್‌ಗೆ ಒಳ್ಳೆಯ ಹೆಸರಿಲ್ಲ. ಚಿತ್ರಕಥೆ ಕಲಿಸುವ ಶಿಬಿರಗಳಲ್ಲಿ, ವಿಮರ್ಶೆಗಳಲ್ಲಿ, ಫಿಲ್ಮ್ ಸೊಸೈಟಿಯ ಚರ್ಚೆಗಳಲ್ಲಿ ಅದನ್ನು ನಿರ್ದೇಶಕ ಕೈಚೆಲ್ಲಿದ್ದರ ಗುರುತೆಂದೇ ಎಣಿಸುತ್ತಾರೆ. ಈ ನಿಲುವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ವಾದ ಮೂರು ಎಳೆಗಳದು. ಒಂದು, ಸಿನಿಮಾ ದೃಶ್ಯಮಾಧ್ಯಮ. ಕಣ್ಣಿಗೆ ಕಾಣಿಸಬೇಕಾದ್ದನ್ನು ಕಿವಿಗೆ ಹೇಳಿದರೆ ಅದು ಸ್ವಧರ್ಮ ಬಿಟ್ಟ ಹಾಗೆ. ಎರಡು, ದೃಶ್ಯ ಕಟ್ಟುವ ಶ್ರಮ ತಪ್ಪಿಸಿಕೊಂಡು ನಾಲ್ಕು ವಾಕ್ಯ ಓದಿಸಿ ಮುಗಿಸುವುದು ಸೋಮಾರಿತನ. ಮೂರು, ಪ್ರೇಕ್ಷಕ ತಾನಾಗಿ ಕಂಡುಕೊಳ್ಳಬೇಕಾದ್ದನ್ನು ಬಾಯಿಗೆ ತುತ್ತಿಟ್ಟಂತೆ ಕೊಡುವುದು ಅವನ ಬುದ್ಧಿಗೆ ಮಾಡುವ ಅವಮಾನ. ಇದಕ್ಕೆ ಒಳ್ಳೆಯ ಸಾಕ್ಷಿಗಳೂ ಇವೆ. ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954) ಶುರುವಾದ ಕೆಲವೇ ನಿಮಿಷಗಳಲ್ಲಿ ಕ್ಯಾಮೆರಾ ಒಂದು ಕೋಣೆಯನ್ನು ಮೆಲ್ಲಗೆ ಸುತ್ತಿಬರುತ್ತದೆ: ಪ್ಲಾಸ್ಟರ್ ಹಾಕಿದ ಕಾಲು, ಒಡೆದುಹೋದ ಕ್ಯಾಮೆರಾ, ಅಪಘಾತಕ್ಕೀಡಾದ ರೇಸ್ ಕಾರಿನ ಫೋಟೊ. ಈತನ ಕಸುಬು ಏನು, ಕಾಲು ಮುರಿದದ್ದು ಹೇಗೆ ಎಂಬುದೆಲ್ಲ ಯಾರೂ ಬಾಯಿಬಿಡದೆ ತಿಳಿದುಹೋಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ‘ಬ್ಲೇಡ್ ರನ್ನರ್’ (1982). ಪ್ರಾಯೋಗಿಕ ಪ್ರದರ್ಶನಗಳಲ್ಲಿ ಪ್ರೇಕ್ಷಕರಿಗೆ ಕಥೆ ಗೊಂದಲವೆನಿಸಿತೆಂದು ಅದಕ್ಕೆ ನಾಯಕ ಡೆಕಾರ್ಡ್‌ನ ದನಿಯನ್ನು ಅಂಟಿಸಲಾಯಿತು. 1992ರ ಆವೃತ್ತಿಯಲ್ಲಿ ಅದನ್ನು ತೆಗೆದ ಮೇಲೆ ಚಿತ್ರ ಉಸಿರಾಡಿತು ಎಂಬುದು ಬಹುಪಾಲು ಅಭಿಮಾನಿಗಳ ತೀರ್ಪು. ನನ್ನ ತೀರ್ಪೂ ಅದೇ. ಆದರೆ ಈ ಸಾಕ್ಷಿಗಳಿಂದ ‘ತೋರಿಸು, ಹೇಳಬೇಡ’ ಎಂಬ ನಿಯಮಕ್ಕೆ ಜಿಗಿಯುವುದರಲ್ಲಿ ಎಡವಟ್ಟಿದೆ.

ಮೊದಲಿಗೆ, ಈ ನಿಯಮ ಸಿನಿಮಾದ ಮನೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಸಿದ್ಧಾಂತದ ರೂಪ ಸಿಕ್ಕಿದ್ದು ಕಾದಂಬರಿಯ ಚರ್ಚೆಯಲ್ಲಿ. ಹೆನ್ರಿ ಜೇಮ್ಸ್‌ನ ಬರವಣಿಗೆಯನ್ನು ಮಾದರಿಯಾಗಿಟ್ಟುಕೊಂಡು ಪರ್ಸಿ ಲಬ್ಬಾಕ್ 1921ರಲ್ಲಿ ‘ದಿ ಕ್ರಾಫ್ಟ್ ಆಫ್ ಫಿಕ್ಷನ್’ ಬರೆದ. ಲೇಖಕ ನಡುವೆ ಬಾಯಿಹಾಕದೆ ಕಥೆ ತನ್ನನ್ನು ತಾನೇ ತೋರಿಸಿಕೊಳ್ಳಬೇಕು ಎಂಬುದು ಅವನ ವಾದದ ತಿರುಳು. ಕಾದಂಬರಿಯಲ್ಲಿ ಇರುವುದೆಲ್ಲ ಮಾತೇ. ಅಲ್ಲಿ ತೋರಿಸುವುದೆಂದರೆ ಒಂದು ಬಗೆಯ ಮಾತಿನ ಬದಲು ಇನ್ನೊಂದು ಬಗೆಯ ಮಾತು, ಅಷ್ಟೇ. ವೇಯ್ನ್ ಬೂತ್ 1961ರಲ್ಲಿ ‘ದಿ ರೆಟರಿಕ್ ಆಫ್ ಫಿಕ್ಷನ್’ ಬರೆದು, ಲೇಖಕ ಎಷ್ಟೇ ಮರೆಗೆ ಸರಿದರೂ ಅವನ ಆಯ್ಕೆ, ತೀರ್ಪುಗಳು ಮರೆಯಾಗುವುದಿಲ್ಲ ಎಂದು ತೋರಿಸಿ ಈ ನಿಯಮದ ಬಿಗಿಯನ್ನು ಸಡಿಲಿಸಿದ. ಸಾಹಿತ್ಯ ಅದನ್ನು ಅರ್ಧ ಕೈಬಿಟ್ಟ ಮೇಲೂ ಚಿತ್ರಕಥೆಯ ಪಾಠಗಳಲ್ಲಿ ಅದು ಶಾಸನವಾಗಿ ಉಳಿದಿರುವುದು ವಿಚಿತ್ರ. ಮೂಕಿ ಚಿತ್ರಗಳ ಕಾಲದ ಶುದ್ಧ ದೃಶ್ಯಭಾಷೆಯನ್ನು ಮಾತು ಕೆಡಿಸಿತು ಎನ್ನುವ ಕೊರಗೂ ಇದರ ಜೊತೆಗೆ ಸೇರಿಕೊಳ್ಳುತ್ತದೆ. ಆ ಕಾಲ ಅಷ್ಟೇನೂ ಶುದ್ಧವಾಗಿರಲಿಲ್ಲ. ದೃಶ್ಯಗಳ ನಡುವೆ ಅಕ್ಷರದ ಫಲಕಗಳು ಬರುತ್ತಿದ್ದವು. ಜಪಾನಿನಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವ ಬೆನ್ಶಿಗಳಿದ್ದರು, ಅವರ ಹೆಸರು ನೋಡಿಯೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಐಸೆನ್‌ಸ್ಟೀನ್, ಪುಡೊವ್ಕಿನ್, ಅಲೆಕ್ಸಾಂಡ್ರೊವ್ ಸೇರಿ 1928ರಲ್ಲಿ ಧ್ವನಿಯ ಬಗ್ಗೆ ಹೊರಡಿಸಿದ ಹೇಳಿಕೆಯನ್ನು ಈ ಕೊರಗಿನ ಆಧಾರವಾಗಿ ಎತ್ತಿಕೊಳ್ಳುವುದುಂಟು. ಅದನ್ನು ಓದಿದರೆ ಅವರ ಭಯ ಬೇರೆಯೇ ಎಂದು ಗೊತ್ತಾಗುತ್ತದೆ. ಪಾತ್ರದ ತುಟಿಗೂ ಮಾತಿಗೂ ತಾಳ ಹೊಂದಿಸಿ ಸಿನಿಮಾವನ್ನು ರಂಗಮಂದಿರದ ನಕಲು ಮಾಡಿಬಿಡುತ್ತಾರೆ ಎಂದು ಅವರು ಹೆದರಿದ್ದರು. ಧ್ವನಿ ಚಿತ್ರಕ್ಕೆ ಎದುರಾಗಿ ನಿಲ್ಲಲಿ, ಅದರ ಜೊತೆ ಜಗಳವಾಡಲಿ ಎಂಬುದು ಅವರ ಬಯಕೆಯಾಗಿತ್ತು. ಹಾಗೆ ನೋಡಿದರೆ, ತುಟಿಯಿಂದ ಬಿಡಿಸಿಕೊಂಡು ಚಿತ್ರದ ಹೊರಗೆ ನಿಂತ ದನಿಯೇ ಅವರ ಬಯಕೆಗೆ ಹತ್ತಿರ.

ವಂಶಾವಳಿ ಸರಿಯಿಲ್ಲವೆಂದ ಮಾತ್ರಕ್ಕೆ ನಿಯಮ ಸುಳ್ಳಾಗುವುದಿಲ್ಲ, ನಿಜ. ಅದು ಒರಗಿರುವ ನಂಬಿಕೆಯನ್ನು ನೋಡಬೇಕು: ಚಿತ್ರ ತಾನಾಗಿಯೇ ಅರ್ಥ ಕೊಡುತ್ತದೆ, ಮಾತು ಅದರ ಮೇಲೆ ಹೊರಗಿನಿಂದ ಬಂದು ಕೂರುತ್ತದೆ ಎಂಬ ನಂಬಿಕೆ. ಇದಕ್ಕೆ ಕ್ರಿಸ್ ಮಾರ್ಕರ್‌ನ ‘ಲೆಟರ್ ಫ್ರಮ್ ಸೈಬೀರಿಯಾ’ (1957) ಕೊಟ್ಟ ಉತ್ತರಕ್ಕಿಂತ ಒಳ್ಳೆಯ ಉತ್ತರ ಇನ್ನೂ ಸಿಕ್ಕಿಲ್ಲ. ಯಾಕುತ್ಸ್ಕ್ ಪಟ್ಟಣದ ಕೆಲವು ಶಾಟ್‌ಗಳು: ಬೀದಿಯಲ್ಲಿ ಒಂದು ಬಸ್ಸು, ಅದನ್ನು ದಾಟುವ ಕಾರು, ರಸ್ತೆಯ ನೆಲ ಸಮ ಮಾಡುತ್ತಿರುವ ಕೆಲಸಗಾರರು, ಕ್ಯಾಮೆರಾದ ಮುಂದೆ ಹಾದುಹೋಗುವ ಒಬ್ಬ ಮೆಳ್ಳೆಗಣ್ಣಿನ ಸ್ಥಳೀಯ. ಇದೇ ತುಣುಕನ್ನು ಮಾರ್ಕರ್ ಒಂದಾದ ಮೇಲೊಂದರಂತೆ ಮೂರು ವ್ಯಾಖ್ಯಾನಗಳ ಜೊತೆ ತೋರಿಸುತ್ತಾನೆ. ಮೊದಲನೆಯದು ಸೋವಿಯತ್ ವ್ಯವಸ್ಥೆಯನ್ನು ಹಾಡಿ ಹೊಗಳುತ್ತದೆ, ಎರಡನೆಯದು ಅದೇ ಬೀದಿಯಲ್ಲಿ ನರಕ ಕಾಣುತ್ತದೆ, ಮೂರನೆಯದು ತಾನು ನಿಷ್ಪಕ್ಷಪಾತಿ ಎಂಬ ಗತ್ತಿನಲ್ಲಿ ಮಾತಾಡುತ್ತದೆ. ಮೂರು ಸಲವೂ ಕಣ್ಣು ದನಿಯ ಮಾತು ಕೇಳುತ್ತದೆ. ದನಿ ಮೋಸಗಾರ, ಅದಕ್ಕೇ ಅದನ್ನು ತೆಗೆದುಬಿಡಬೇಕು ಎಂಬ ಪಾಠ ಇಲ್ಲಿದೆಯೆಂದು ಕೆಲವರಿಗೆ ಅನಿಸಬಹುದು. ಆದರೆ ತೆಗೆದ ಮೇಲೆ ಉಳಿಯುವುದು ಸತ್ಯವಲ್ಲ, ಬಸ್ಸು ಮತ್ತು ಕಾರು. ಆ ಖಾಲಿಯನ್ನು ಸಂಗೀತವೋ ಸಂಕಲನವೋ ನಮ್ಮ ಪೂರ್ವಗ್ರಹವೋ ತುಂಬುತ್ತದೆ. ದನಿ ತುಂಬಿದಾಗ ಕನಿಷ್ಠ ಯಾರೋ ತುಂಬುತ್ತಿದ್ದಾರೆಂದು ಗೊತ್ತಾಗುತ್ತದೆ. ಹಿನ್ನೆಲೆ ಸಂಗೀತದ ಮಾತು ಬಂದದ್ದರಿಂದ ಹೇಳಬಹುದು: ಎಲ್ಲಿ ಅಳಬೇಕು, ಎಲ್ಲಿ ಹೆದರಬೇಕು ಎಂದು ಪಿಟೀಲುಗಳು ಹೇಳಿಕೊಡುವಾಗ ಪ್ರೇಕ್ಷಕನ ಬುದ್ಧಿಗೆ ಅವಮಾನವಾಯಿತೆಂದು ಯಾರೂ ಕೂಗುವುದಿಲ್ಲ. ನಮ್ಮ ಚಿತ್ರಗಳಲ್ಲಂತೂ ನಾಯಕ ಸುಮ್ಮನೆ ನಡೆದುಹೋಗುತ್ತಿರುವಾಗ ತೆರೆಯ ಮೇಲೆ ಎಲ್ಲೂ ಇಲ್ಲದ ಗಾಯಕನ ದನಿ ಅವನ ಮನಸ್ಸನ್ನು, ಲೋಕದ ರೀತಿಯನ್ನು ಮೂರು ಚರಣಗಳಲ್ಲಿ ವಿವರಿಸುತ್ತದೆ. ಅದನ್ನು ಒಪ್ಪಿಕೊಂಡವರು ಗದ್ಯದಲ್ಲಿ ಅದೇ ಕೆಲಸ ನಡೆದಾಗ ಮುಖ ಸಿಂಡರಿಸುವುದಕ್ಕೆ ಬೇರೆ ಕಾರಣ ಕೊಡಬೇಕಾಗುತ್ತದೆ.

ವಿರೋಧಿಗಳೂ ಸಮರ್ಥಕರೂ ಒಟ್ಟಿಗೇ ಒಪ್ಪಿಕೊಂಡಿರುವ ಒಂದು ತಪ್ಪೆಣಿಕೆಯಿದೆ: ವಾಯ್ಸ್ ಓವರ್‌ನ ಕೆಲಸ ಮಾಹಿತಿ ಕೊಡುವುದು ಎಂಬುದು. ಮಾಹಿತಿಯನ್ನು ಚಿತ್ರವೂ ಕೊಡುತ್ತದೆ, ಅನೇಕ ಸಲ ಹೆಚ್ಚು ಚೆನ್ನಾಗಿ. ಆದರೆ ಚಿತ್ರಕ್ಕೆ ಭೂತಕಾಲವಿಲ್ಲ. ತೆರೆಯ ಮೇಲೆ ಕಾಣುವುದೆಲ್ಲ ಈಗ, ಇಲ್ಲಿ, ಒಂದು ಸಲ ನಡೆಯುತ್ತದೆ. ‘ಹಾಗೆ ನಡೆಯುತ್ತಿತ್ತು’, ‘ಹಾಗೆ ಆಗಬಹುದಿತ್ತು’, ‘ಮುಂದೆ ಹೀಗಾಗಲಿತ್ತು’ ಎನ್ನುವುದು ಚಿತ್ರಕ್ಕೆ ಕಷ್ಟ, ದನಿಗೆ ಸಲೀಸು. ಮಾರ್ಟಿನ್ ಸ್ಕಾರ್ಸೆಸಿಯ ‘ಗುಡ್‌ಫೆಲಾಸ್’ (1990) ಚಿತ್ರದ ಜೈಲಿನ ಅಡುಗೆಯನ್ನೇ ನೋಡಿ. ಮಾಫಿಯಾ ಹಿರಿಯ ಪೌಲಿ ಬ್ಲೇಡ್ ಹಿಡಿದು ಬೆಳ್ಳುಳ್ಳಿ ಎಸಳನ್ನು ಕಾಗದಕ್ಕಿಂತ ತೆಳ್ಳಗೆ ಹೆಚ್ಚುತ್ತಾನೆ. ಬಾಣಲೆಯ ಎಣ್ಣೆಯಲ್ಲಿ ಅದು ಕರಗಿಹೋಗಬೇಕು. ಇನ್ನೊಬ್ಬನ ಸಾಸ್‌ಗೆ ಈರುಳ್ಳಿ ಸ್ವಲ್ಪ ಜಾಸ್ತಿಯಾಗುತ್ತದೆ. ಕ್ಯಾಮೆರಾ ತೋರಿಸುವುದು ಒಂದು ಸಂಜೆಯ ಅಡುಗೆ. ಕಥೆ ಹೇಳುವ ಹೆನ್ರಿ ಹಿಲ್‌ನ ದನಿ ಅದನ್ನು ವರ್ಷಗಟ್ಟಲೆ ನಡೆದ ಪರಿಪಾಠವಾಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಜೈಲಿನಲ್ಲೂ ತಾವು ಉಳಿದ ಕೈದಿಗಳಂತಲ್ಲ ಎಂಬ ಹೆಮ್ಮೆ ಆ ದನಿಯಲ್ಲಿ ಇನ್ನೂ ಆರಿಲ್ಲ. ಶಿಕ್ಷೆಯಾಗಿ, ಗೆಳೆಯರ ಮೇಲೆ ಸಾಕ್ಷಿ ಹೇಳಿ, ಹೆಸರು ಬದಲಿಸಿಕೊಂಡು ಬದುಕುವವನ ಬಾಯಲ್ಲಿ ಆ ಬೆಳ್ಳುಳ್ಳಿಯ ರುಚಿ ಉಳಿದಿದೆ. ಚಿತ್ರದ ನೈತಿಕ ಪ್ರಶ್ನೆಯೆಲ್ಲ ಇರುವುದೇ ಅಲ್ಲಿ, ಅದು ದೃಶ್ಯದಲ್ಲಿಲ್ಲ. ‘ಸಿಟಿಜನ್ ಕೇನ್’ (1941) ಒಂದು ದಾಂಪತ್ಯ ಹಳಸುವುದನ್ನು ಬೆಳಗಿನ ತಿಂಡಿಯ ಮೇಜಿನ ಸುತ್ತ, ನಡುವೆ ಯಾವ ವಾಯ್ಸ್ ಓವರ್ ಇಲ್ಲದೆ, ಎರಡೇ ನಿಮಿಷದಲ್ಲಿ ತೋರಿಸಿತಲ್ಲ, ಕಾಲವನ್ನು ಸಂಕಲನವೇ ನಿಭಾಯಿಸಬಹುದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಆ ದೃಶ್ಯ ಮಾಡುವುದು ಬೇರೆ ಕೆಲಸ. ಗಂಡಹೆಂಡಿರು ಹೇಗೆ ಬದಲಾದರೆಂದು ಅದು ತೋರಿಸುತ್ತದೆ. ಬದಲಾವಣೆಯನ್ನು ದಾಟಿ ಬಂದವನು ಈಗ ಅದನ್ನು ಹೇಗೆ ನೆನೆಯುತ್ತಾನೆ ಎಂಬುದನ್ನು ತಿಂಡಿಯ ತಟ್ಟೆಗಳು ಹೇಳಲಾರವು.

ಕಾಲದ ಇನ್ನೆರಡು ಬಗೆಗಳಿಗೂ ಉದಾಹರಣೆ ಇಡುತ್ತೇನೆ. ಸ್ಟಾನ್ಲಿ ಕ್ಯೂಬ್ರಿಕ್‌ನ ‘ಬ್ಯಾರಿ ಲಿಂಡನ್’ (1975) ಆಧರಿಸಿರುವ ಥ್ಯಾಕರೆಯ ಕಾದಂಬರಿಯಲ್ಲಿ ಕಥೆ ಹೇಳುವವನು ಜಂಭಗಾರ ಬ್ಯಾರಿಯೇ. ಕ್ಯೂಬ್ರಿಕ್ ಅದನ್ನು ಬಿಟ್ಟು, ಎಲ್ಲ ಬಲ್ಲ, ಯಾವುದಕ್ಕೂ ಬೆಚ್ಚದ ಒಬ್ಬ ಹೊರಗಿನವನ ದನಿಯನ್ನು ತಂದ. ಬ್ಯಾರಿ ತನ್ನ ಪುಟ್ಟ ಮಗನ ಜೊತೆ ನಲಿಯುತ್ತಿರುವಾಗಲೇ ಆ ದನಿ ತಣ್ಣಗೆ ಹೇಳಿಬಿಡುತ್ತದೆ: ಈತ ಬಡವನಾಗಿ, ಒಂಟಿಯಾಗಿ, ಮಕ್ಕಳಿಲ್ಲದೆ ಸಾಯುತ್ತಾನೆ. ಮಗು ಆಮೇಲೆ ಹುಟ್ಟುಹಬ್ಬಕ್ಕೆ ಕುದುರೆ ಬೇಕೆಂದು ಹಟ ಹಿಡಿಯುತ್ತದೆ, ಅಪ್ಪ ಕೊಡಿಸುತ್ತಾನೆ. ಮುಂದೇನಾಗುವುದೋ ಎಂಬ ಕುತೂಹಲವನ್ನು ದನಿ ಕೊಂದಿತು ಎಂದು ದೂರುವವರು, ಅದರ ಜಾಗದಲ್ಲಿ ಏನು ಬಂತೆಂದು ನೋಡಬೇಕು. ಕುದುರೆಯ ಪ್ರತಿ ಶಾಟ್ ಈಗ ಅಸಹನೀಯ. ಅಪ್ಪನ ಮುದ್ದೇ ಮಗನ ಸಾವಿಗೆ ದಾರಿ ಮಾಡುತ್ತಿದೆಯೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಟೆರೆನ್ಸ್ ಮಲಿಕ್‌ನ ‘ಬ್ಯಾಡ್‌ಲ್ಯಾಂಡ್ಸ್’ (1973) ಇದರ ಮಗ್ಗುಲು ಬದಲಿಸುತ್ತದೆ. ಹದಿನೈದರ ಹುಡುಗಿ ಹಾಲಿ, ತನ್ನ ಅಪ್ಪನನ್ನು ಕೊಂದ ಕಿಟ್‌ನ ಜೊತೆಗೇ ಓಡಿಹೋಗಿದ್ದಾಳೆ. ಕಾಡಿನಲ್ಲಿ ಅಡಗಿರುವಾಗ ಹಳೆಯ ಚಿತ್ರಗಳನ್ನು ಅಪ್ಪನ ಸ್ಟೀರಿಯೋಸ್ಕೋಪ್‌ನಲ್ಲಿ ಒಂದೊಂದಾಗಿ ನೋಡುತ್ತಾಳೆ. ತೆರೆಯ ತುಂಬ ಯಾರದೋ ಹಳೆಯ ಫೋಟೊಗಳು. ದನಿಯಲ್ಲಿ ಅವಳು, ಕಿಟ್ ಯಾರನ್ನೂ ಕೊಲ್ಲದೇ ಇದ್ದಿದ್ದರೆ ತಾನೀಗ ಎಲ್ಲಿರುತ್ತಿದ್ದೆ, ತಾನು ಮುಂದೆ ಮದುವೆಯಾಗುವ ಗಂಡು ಈ ಗಳಿಗೆಯಲ್ಲಿ ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಾಳೆ. ಆಗದೇ ಹೋದ ಬದುಕನ್ನು ಯಾವ ಕ್ಯಾಮೆರಾ ಎಲ್ಲಿ ಹೋಗಿ ಶೂಟ್ ಮಾಡಬೇಕು? ಉಳಿದಂತೆ ಹಾಲಿಯ ದನಿ ಸುತ್ತಲಿನ ಕೊಲೆಗಳನ್ನು ಅಗ್ಗದ ಪ್ರೇಮಕಥೆಯ ಧಾಟಿಯಲ್ಲಿ ವರ್ಣಿಸುತ್ತದೆ. ಬಾಯಿಗೆ ತುತ್ತಿಡುವ ಆರೋಪ ಇಲ್ಲಿ ತಲೆಕೆಳಗಾಗುತ್ತದೆ: ದನಿಯನ್ನು ನಂಬುವಂತಿಲ್ಲ, ಬಿಡುವಂತಿಲ್ಲ, ಇವಳಿಗೆ ಅರ್ಥವಾಗಿಲ್ಲವೋ ಅರ್ಥ ಮಾಡಿಕೊಳ್ಳಲು ಮನಸ್ಸಿಲ್ಲವೋ ಎಂದು ಪ್ರೇಕ್ಷಕನೇ ತೂಗಿ ನೋಡಬೇಕು. ಜನಪ್ರಿಯ ಚಿತ್ರವಾದ ‘ದಿ ಶಾಶಾಂಕ್ ರಿಡೆಂಪ್ಷನ್’ (1994) ಕೂಡ ತನ್ನ ದೊಡ್ಡ ಗುಟ್ಟನ್ನು ಕಾಯುವುದು ದನಿಯ ನೆರವಿನಿಂದಲೇ. ಕಥೆ ಹೇಳುವ ರೆಡ್‌ಗೆ ನಾಯಕ ಆ್ಯಂಡಿಯ ಒಳಗಿನ ಲೆಕ್ಕಾಚಾರ ಗೊತ್ತಿಲ್ಲ, ಆದ್ದರಿಂದ ನಮಗೂ ಗೊತ್ತಾಗುವುದಿಲ್ಲ.

ಇಷ್ಟನ್ನು ಒಪ್ಪಿಯೂ ಕೆಲವರು ಒಂದು ಹದವಾದ ಪರೀಕ್ಷೆಯನ್ನು ಮುಂದಿಡುತ್ತಾರೆ. ಚಿತ್ರಕಥೆಯ ಹೆಸರಾಂತ ಮೇಷ್ಟ್ರು ರಾಬರ್ಟ್ ಮಕ್ಕೀ ತಮ್ಮ ‘ಸ್ಟೋರಿ’ (1997) ಪುಸ್ತಕದಲ್ಲಿ ಹೇಳುವುದು ಹೆಚ್ಚುಕಡಿಮೆ ಇದನ್ನೇ: ವಾಯ್ಸ್ ಓವರ್ ತೆಗೆದು ನೋಡಿ, ಆಗಲೂ ಕಥೆ ಚೆನ್ನಾಗಿ ನಿಂತರೆ ಅದನ್ನು ಇಟ್ಟುಕೊಳ್ಳಿ. (‘ಅಡಾಪ್ಟೇಷನ್’ ಚಿತ್ರದಲ್ಲಿ ಮಕ್ಕೀ ಹೆಸರಿನ ಪಾತ್ರ ವಾಯ್ಸ್ ಓವರ್ ಬಳಸುವವರ ಮೇಲೆ ಗುಡುಗುತ್ತದೆ, ಅದೂ ನಾಯಕನ ವಾಯ್ಸ್ ಓವರ್ ನಡೆಯುತ್ತಿರುವಾಗಲೇ, ನಿಜವಾದ ಮಕ್ಕೀ ಅಷ್ಟು ಕಟ್ಟುನಿಟ್ಟಿನವರಲ್ಲ.) ಕೇಳಲು ಜಾಣತನದ ಮಾತು. ಆದರೆ ಇದರ ಅರ್ಥ, ದನಿ ಬೇಡವೇ ಬೇಡ ಎಂದಾದರೆ ಮಾತ್ರ ಅದಕ್ಕೆ ಒಳಗೆ ಬರಲು ಪರವಾನಗಿ ಎಂದಾಯಿತು. ನಟನೆಗೆ, ಬೆಳಕಿಗೆ, ಸಂಕಲನಕ್ಕೆ ಯಾರೂ ಈ ಷರತ್ತು ಹಾಕುವುದಿಲ್ಲ. ಪರೀಕ್ಷೆಯ ಮೂಲದಲ್ಲೇ ಕಥೆಯ ಘಟನೆಗಳನ್ನೂ ಚಿತ್ರವನ್ನೂ ಒಂದೇ ಎಂದುಕೊಂಡ ದೋಷವಿದೆ. ‘ಬ್ಯಾರಿ ಲಿಂಡನ್’ನಿಂದ ದನಿ ಕಿತ್ತರೂ ಘಟನೆಗಳು ತಿಳಿಯುತ್ತವೆ, ಆದರೆ ವಿಧಿಯ ಕುರಿತ ಚಿತ್ರ ಹೋಗಿ ಪೀರಿಯಡ್ ಡ್ರಾಮಾ ಒಂದು ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ ಮಾರ್ಕರ್‌ನದೇ ‘ಲಾ ಜೆಟೀ’ (1962) ಇದೆ. ಅರ್ಧ ಗಂಟೆಗೂ ಕಡಿಮೆ ಅವಧಿಯ ಆ ಚಿತ್ರದ ತುಂಬ ಸ್ಥಿರಚಿತ್ರಗಳು, ಅವುಗಳ ಮೇಲೆ ಒಂದು ದನಿ. ನಡುವೆ ಒಂದೇ ಒಂದು ಸಲ, ಮಲಗಿದ ಹೆಣ್ಣು ಕಣ್ಣು ತೆರೆದು ಮಿಟುಕಿಸುವಷ್ಟು ಚಲನೆ. ದನಿ ತೆಗೆದರೆ ಅಲ್ಲಿ ಕಥೆಯೇ ಇಲ್ಲ. ಆ ಕಣ್ಣಿನ ಮಿಟುಕಿಗಿಂತ ದೊಡ್ಡ ದೃಶ್ಯಾನುಭವವನ್ನು ಕೊಟ್ಟ ಚಿತ್ರಗಳು ಎಷ್ಟಿವೆ?

ಹಾಗಾದರೆ ಕೆಟ್ಟ ವಾಯ್ಸ್ ಓವರ್ ಎಂಬುದೇ ಇಲ್ಲವೇ? ಬೇಕಾದಷ್ಟಿದೆ, ಬಹುಪಾಲು ಕೆಟ್ಟದ್ದೇ. ಅದು ಕೆಡುವುದು ಎಲ್ಲಿ ಎಂಬುದರಲ್ಲಿ ನನ್ನ ತಕರಾರು. ಕಾಣುವುದನ್ನೇ ಮತ್ತೆ ಹೇಳಿದರೆ ಕೆಟ್ಟದ್ದು ಎಂಬ ಸುಲಭದ ಉತ್ತರ ಸಾಲದು. ರಾಬರ್ಟ್ ಬ್ರೆಸನ್‌ನ ‘ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್’ (1951) ಚಿತ್ರದಲ್ಲಿ ಯುವ ಪಾದ್ರಿ ದಿನಚರಿ ಬರೆಯುವುದು ಕಾಣುತ್ತದೆ, ಬರೆದದ್ದನ್ನು ಅವನ ದನಿ ಓದುತ್ತದೆ, ಓದಿದ್ದೇ ಮುಂದೆ ದೃಶ್ಯವಾಗಿ ನಡೆಯುತ್ತದೆ. ಅದೇ ವಿಷಯ ಮತ್ತೆ ಮತ್ತೆ ಬಂದರೂ ಬೇಸರವಿಲ್ಲ. ಏಕೆಂದರೆ ಅಲ್ಲಿ ಬರೆಯುವುದೇ ಆ ಮನುಷ್ಯನ ತಪಸ್ಸು, ಅವನ ಏಕೈಕ ಆಸರೆ; ಮಾತಿಗೆ ಒಂದು ಮೇಜು, ಒಂದು ಲೇಖನಿ, ಒಂದು ಹೊತ್ತು ಇದೆ. ಯಾರು, ಎಲ್ಲಿಂದ, ಯಾವಾಗ, ಯಾರಿಗೆ ಹೇಳುತ್ತಿದ್ದಾರೆ ಎಂಬುದಕ್ಕೆ ಉತ್ತರವಿದ್ದರೆ ದನಿ ಪಾತ್ರವಾಗುತ್ತದೆ. ಬಿಲ್ಲಿ ವೈಲ್ಡರ್‌ನ ‘ಡಬಲ್ ಇಂಡೆಮ್ನಿಟಿ’ (1944) ಇದಕ್ಕೆ ಪಠ್ಯದಂತಿದೆ. ವಿಮೆ ಏಜೆಂಟ್ ವಾಲ್ಟರ್ ನೆಫ್ ಗುಂಡೇಟು ತಿಂದು ರಾತ್ರಿ ಆಫೀಸಿಗೆ ಬಂದು, ಡಿಕ್ಟಾಫೋನ್ ಮುಂದೆ ಕೂತು, ಸುಳ್ಳು ಕ್ಲೇಮುಗಳನ್ನು ಹಿಡಿಯುವ ತನ್ನ ಹಿರಿಯ ಸಹೋದ್ಯೋಗಿ ಕೀಸ್‌ಗೆ ತಪ್ಪೊಪ್ಪಿಗೆ ಹೇಳುತ್ತಾನೆ. ಚಿತ್ರದ ಕೊನೆಯಲ್ಲಿ ನೋಡಿದರೆ ಕೀಸ್ ಬಾಗಿಲಲ್ಲಿ ನಿಂತಿದ್ದಾನೆ. ಕೇಳುಗನಿಗೂ ದೇಹ ಬಂತು. ‘ಬ್ಲೇಡ್ ರನ್ನರ್’ನ ಅಂಟಿಸಿದ ದನಿಗೆ ಈ ಯಾವುದೂ ಇಲ್ಲ. ಡೆಕಾರ್ಡ್ ಯಾವ ಕಾಲದಲ್ಲಿ ನಿಂತು, ಯಾರ ಎದುರು ಮಾತಾಡುತ್ತಿದ್ದಾನೆ? ಮಳೆಯಲ್ಲಿ ಕೂತು ಸತ್ತ ಎದುರಾಳಿ ರಾಯ್ ಬ್ಯಾಟಿ, ಕೊಲ್ಲಬಹುದಾಗಿದ್ದ ತನ್ನನ್ನು ಏಕೆ ಉಳಿಸಿದ ಎಂದು ಅವನು ಊಹಿಸುವ ಮಾತು, ಕಥೆ ಅರ್ಥವಾಗದ ಪ್ರೇಕ್ಷಕನಿಗೆ ಸ್ಟುಡಿಯೋ ಹೇಳಿದ ಸಮಾಧಾನದ ಮಾತು. ಹೇಳಿದ್ದರಿಂದ ಅದು ಕೆಡಲಿಲ್ಲ. ಹೇಳುವವನು ಅಲ್ಲಿ ಇಲ್ಲದ್ದರಿಂದ ಕೆಟ್ಟಿತು.

ಸಾಕ್ಷ್ಯಚಿತ್ರಗಳಲ್ಲಿ ಈ ದೋಷ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿನ ದನಿ ಅಧಿಕಾರದ ಬಟ್ಟೆ ತೊಟ್ಟು ಬರುತ್ತದೆ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರಗಳನ್ನು ಥಿಯೇಟರುಗಳಲ್ಲಿ ಕಡ್ಡಾಯವಾಗಿ ತೋರಿಸುತ್ತಿದ್ದ ಕಾಲದಿಂದಲೂ ನಮಗೆ ಆ ಗಡಸು ಗಂಟಲು ಪರಿಚಿತ. ಅಣೆಕಟ್ಟು ಕಟ್ಟುತ್ತಿರುವವರು ಏನಂದುಕೊಂಡಿದ್ದಾರೆಂದು ಅವರನ್ನು ಕೇಳದೆಯೇ ಅದಕ್ಕೆ ಗೊತ್ತಿರುತ್ತಿತ್ತು. ಅದೇ ಸಂಸ್ಥೆಯ ಒಳಗಿದ್ದುಕೊಂಡೇ ಎಸ್.ಎನ್.ಎಸ್. ಶಾಸ್ತ್ರಿ ‘ಐ ಆ್ಯಮ್ 20’ (1967) ಚಿತ್ರದಲ್ಲಿ, ದೇಶದಷ್ಟೇ ವಯಸ್ಸಿನ ಹುಡುಗ ಹುಡುಗಿಯರ ಬಾಯಿಗೆ ಮಾತು ಬಿಟ್ಟುಕೊಟ್ಟರು. ಅಲ್ಲೂ ಮಾತಿಗೇನೂ ಬರವಿಲ್ಲ, ಆದರೆ ಪ್ರತಿ ಮಾತಿಗೂ ಒಬ್ಬ ಒಡೆಯನಿದ್ದಾನೆ.

ಇಲ್ಲಿ ನಮ್ಮವರ ಇನ್ನೊಂದು ವಾದವನ್ನೂ ಎದುರಿಸಬೇಕು. ‘ತೋರಿಸು, ಹೇಳಬೇಡ’ ಎಂಬುದು ಪಶ್ಚಿಮದ ನಿಯಮ, ನಮ್ಮದು ಹೇಳುವ ಪರಂಪರೆ; ಯಕ್ಷಗಾನಕ್ಕೆ ಭಾಗವತ, ಹರಿಕಥೆಗೆ ದಾಸರು ಇದ್ದ ಹಾಗೆ ಸಿನಿಮಾಕ್ಕೆ ವಾಯ್ಸ್ ಓವರ್ ಎಂದು ಅವರು ಹೇಳುತ್ತಾರೆ. ನನ್ನ ಪಕ್ಷಕ್ಕೆ ಬರುವ ವಾದವಾದರೂ ಇದನ್ನು ನಾನು ಒಪ್ಪಲಾರೆ. ಭಾಗವತ ರಂಗದ ಮೇಲೆ, ಎಲ್ಲರ ಕಣ್ಣೆದುರು ಕೂತಿರುತ್ತಾನೆ. ರಂಗಕ್ಕೆ ಬಂದ ವೇಷವನ್ನು ಯಾರು, ಏನು ಎಂದು ಅವನು ಮಾತಾಡಿಸುತ್ತಾನೆ, ವೇಷಧಾರಿ ಅವನಿಗೆ ಉತ್ತರ ಕೊಡುತ್ತಾನೆ, ಬೇಕಾದರೆ ಅವನ ಪದ್ಯಕ್ಕೆ ಬೇರೆಯೇ ಅರ್ಥ ಹಚ್ಚುತ್ತಾನೆ. ‘ಹಯವದನ’ದಲ್ಲಿ ಗಿರೀಶ ಕಾರ್ನಾಡರು ಭಾಗವತನನ್ನು ತಂದದ್ದೂ ಹೀಗೆ ಕಥೆಯ ಒಳಗೆ ಸಿಕ್ಕಿಕೊಳ್ಳಬಲ್ಲವನಾಗಿ. ಸಿನಿಮಾದ ದನಿಗೆ ಮುಖವಿಲ್ಲ, ಅದಕ್ಕೆ ಎದುರಾಡುವವರಿಲ್ಲ. ಮಹಾಭಾರತವನ್ನೇ ತೆಗೆದುಕೊಳ್ಳಿ. ಸೌತಿ ಶೌನಕಾದಿಗಳಿಗೆ ಹೇಳುತ್ತಾನೆ. ವೈಶಂಪಾಯನ ಜನಮೇಜಯನಿಗೆ, ಅಂದರೆ ಆ ವಂಶದ ಕುಡಿಗೇ, ಹೇಳುತ್ತಾನೆ. ಸಂಜಯ ಕಣ್ಣಿಲ್ಲದ ಅಪ್ಪನ ಮುಂದೆ ಕೂತು ಅವನ ಮಕ್ಕಳ ಸಾವನ್ನು ಒಂದೊಂದಾಗಿ ಹೇಳಬೇಕಾಗುತ್ತದೆ. ಕುಮಾರವ್ಯಾಸನೂ ಜನಮೇಜಯನನ್ನು ಕರೆದು ಕರೆದು ಎಚ್ಚರಿಸುವುದನ್ನು ಮರೆಯಲಿಲ್ಲ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರಲ್ಲೇ ಅರ್ಧ ನೋವಿದೆ. ದೂರದರ್ಶನಕ್ಕೆ 1988ರಲ್ಲಿ ಬಿ.ಆರ್. ಚೋಪ್ರಾ ‘ಮಹಾಭಾರತ್’ ಮಾಡಿದಾಗ ಕಥೆಯ ಒಡೆತನವನ್ನು ‘ಸಮಯ’ಕ್ಕೆ ಕೊಟ್ಟರು. ಹರೀಶ್ ಭಿಮಾನಿಯವರ ದನಿ ಭವ್ಯವಾಗಿತ್ತು, ವಾರದಿಂದ ವಾರಕ್ಕೆ ಕಥೆಯ ಕೊಂಡಿ ಬೆಸೆಯಲು ಅನುಕೂಲವೂ ಆಯಿತು. ಆದರೆ ಸಮಯಕ್ಕೆ ಕಳೆದುಕೊಳ್ಳಲು ಏನೂ ಇಲ್ಲ, ಕೇಳುಗ ಎಂದು ಒಬ್ಬನೂ ಇಲ್ಲ. ಅದು ಹೇಳಿದ್ದನ್ನು ಯಾರೂ ಪ್ರಶ್ನಿಸುವಂತಿಲ್ಲ. ಅಷ್ಟು ದೊಡ್ಡ ಪರಂಪರೆಯಿಂದ ನಾವು ಎತ್ತಿಕೊಳ್ಳದೆ ಬಿಟ್ಟದ್ದು ಅದರ ಅತ್ಯಂತ ಆಧುನಿಕ ಭಾಗವನ್ನೇ.

ಈ ಅಳತೆಗೋಲಿಟ್ಟು ಈಚಿನ ಕನ್ನಡ ಚಿತ್ರಗಳನ್ನು ನೋಡಿದರೆ ಆಕ್ಷೇಪಗಳು ಜಾಗ ಬದಲಿಸುತ್ತವೆ. ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್’ (2018) ಚಿತ್ರದಲ್ಲಿ ಮಾತು ಅತಿಯಾಯಿತು, ನಿರೂಪಣೆಯೇ ಸಿನಿಮಾ ನಡೆಸುತ್ತದೆ ಎಂದು ದೂರುವುದು ಸುಲಭ. ನನಗೆ ಅದು ದೋಷವಾಗಿ ಕಾಣುವುದಿಲ್ಲ. ಅನಂತ್ ನಾಗ್ ಅವರ ಆನಂದ್ ಇಂಗಳಗಿಗೆ ಬೇಕಾದ ನೆಲೆಯೆಲ್ಲ ಇದೆ. ಅವನು ಪತ್ರಕರ್ತ, ಅವನ ಪುಸ್ತಕವನ್ನು ಸರ್ಕಾರ ನಿಷೇಧಿಸಿದೆ, ಎದುರಿಗೆ ಟಿವಿ ಚಾನೆಲ್ಲಿನ ದೀಪಾ ಹೆಗ್ಡೆ ಸಂದೇಹದಿಂದ ಕೂತಿದ್ದಾಳೆ. ಎರಡನೆಯ ಭಾಗದಲ್ಲಿ (2022) ಅವನು ಹಾಸಿಗೆ ಹಿಡಿದ ಮೇಲೆ ಮಗ ವಿಜಯೇಂದ್ರ ಕಥೆ ಮುಂದುವರಿಸುತ್ತಾನೆ. ಹೇಳುವವರು ಬದಲಾದಾಗ ಕಥೆಯೂ ಒಂಚೂರು ಬದಲಾಗುತ್ತದೆಯೇ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ಚಿತ್ರ ಅದನ್ನು ಕೇಳುವುದಿಲ್ಲ. ಇಂಗಳಗಿ ಕಾಲಿಡಲು ಸಾಧ್ಯವೇ ಇಲ್ಲದ ಕೋಣೆಗಳ ಒಳಗಿನ ಪಿಸುಮಾತುಗಳೂ, ಅವನು ಕಂಡಿರಬಹುದಾದ ಬೀದಿಗಳೂ ಒಂದೇ ಖಚಿತತೆಯಿಂದ ತೆರೆಗೆ ಬರುತ್ತವೆ. ಮಗ ಹೇಳುವ ನಾಯಕ ರಾಕಿ ಅಪ್ಪನ ರಾಕಿಗಿಂತ ಕೂದಲೆಳೆಯಷ್ಟೂ ಬೇರೆಯಲ್ಲ. ದೀಪಾಳ ಸಂದೇಹ ಕಥೆಗೆ ರಂಗು ಹಚ್ಚಲು ಮಾತ್ರ ಬಳಕೆಯಾಗಿ ಕರಗಿಹೋಗುತ್ತದೆ. ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಇದಕ್ಕಿಂತ ಎಷ್ಟೋ ಕಡಿಮೆ ಹಣದಲ್ಲಿ ಮಲ್ಪೆಯ ಒಂದು ಕೊಲೆಯನ್ನು ಹಲವರ ಬಾಯಿಂದ ಕೇಳಿಸಿತ್ತು. ಅಲ್ಲಿ ಒಬ್ಬೊಬ್ಬರೂ ಕಂಡಷ್ಟನ್ನೇ ಹೇಳುತ್ತಾರೆ, ಕಾಣದ್ದರ ತೂತು ತೂತಾಗಿಯೇ ಉಳಿಯುತ್ತದೆ. ಇಂಗಳಗಿಯ ಎದುರು ಕೂತ ಟಿವಿಯವಳು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಆ ರಾತ್ರಿ, ಆ ಕೋಣೆಯಲ್ಲಿ, ಅವರು ಆಡಿದ ಮಾತು ನಿಮಗೆ ಹೇಗೆ ಗೊತ್ತಾಯಿತು ಸಾರ್?